ಅರ್ಧ ಕೆಲಸದ ಮಾಸ್ತರ ಐರ್ಲೆಂಡಿಗೆ ಹೋದದ್ದು

ಹೊರಡುವ ಮುಂಚೆ, ಸುರಪುರ

ನಾನು ಐರ್ಲೆಂಡಿಗೆ ಹೋದದ್ದು ಒಂದು ಸುಳ್ಳಿನ ಮೇಲೆ ಕುಂತು. ವಿಮಾನ ಆಮೇಲೆ ಬಂತು.

ಸುಳ್ಳು ದೊಡ್ಡದೇನಲ್ಲ, ಒಂದು ಟಿಕ್ ಗುರುತಿನಷ್ಟು. ನಾನು ಸುರಪುರ ತಾಲ್ಲೂಕಿನ ಒಂದು ಸರ್ಕಾರಿ ಹೈಸ್ಕೂಲಿನ ವಿಜ್ಞಾನ ಮಾಸ್ತರ. ಶಿರವಾಳದಲ್ಲಿ ಕಲ್ಲು ಒಡೆಯುತ್ತಿದ್ದವನ ಮಗ. ನಮ್ಮ ಮನೆತನದಲ್ಲಿ ಡಿಗ್ರಿ ಅಂತ ಮಾಡಿದವನು ನಾನೇ ಮೊದಲು. ಶಹಾಪುರದಿಂದ ಯಾದಗಿರಿಯ ಕಾಲೇಜಿಗೆ ಮೂರು ವರ್ಷ ಬಸ್ಸಿನ ಬಾಗಿಲಲ್ಲಿ ಜೋತುಬಿದ್ದು ಹೋಗಿ ಓದಿದ್ದೇನೆ. ಹಾಗಾಗಿ ನಮ್ಮ ಮನೆಯ ಗೋಡೆಯ ಮೇಲೆ ನನ್ನ ಹೆಸರಿಗಿಂತ ಬಿ.ಎಸ್ಸಿ., ಬಿ.ಎಡ್. ಅನ್ನುವ ಅಕ್ಷರಗಳೇ ದೊಡ್ಡವು. ನಗುವವರು ನಗಲಿ, ನಾನು ಅಳಿಸುವವನಲ್ಲ.

ಕೆಲವು ವರ್ಷದ ಹಿಂದೆ ನಮ್ಮ ಶಾಲೆಯ ಹುಡುಗಿಯರು ಸೈಕಲ್ ತರುವುದು ಬಿಟ್ಟರು. ದಾರಿಯಲ್ಲಿ ಕಾಲುವೆ ಸೇತುವೆಯ ಕಟ್ಟೆ ಮೇಲೆ ನಮ್ಮದೇ ಹುಡುಗರು ಕುಂತು ಒಬ್ಬೊಬ್ಬಳಿಗೂ ಒಂದೊಂದು ಮಾತು ಒಗೆಯುತ್ತಿದ್ದರು. ಹುಡುಗಿಯರು ಹೊಲದ ಬದುವಿನ ಮೇಲೆ ನಡೆದು ಸುತ್ತಿಕೊಂಡು ಬರತೊಡಗಿದರು. ನಾನು ಶನಿವಾರ ಶನಿವಾರ ಗಂಡುಹುಡುಗರಿಗಷ್ಟೇ ಒಂದು ತರಗತಿ ಶುರುಮಾಡಿದೆ. ಗಂಡಸು ಅಂದರೆ ಯಾರು, ಅವನಿಗೆ ಅಳು ಬಂದರೆ ಏನು ಮಾಡಬೇಕು, ತಾನು ಉಂಡ ತಾಟು ತಂಗಿ ಯಾಕೆ ತೊಳೆಯಬೇಕು, ಇಂಥವೇ ಮಾತು. ಒಂದು ವರ್ಷಕ್ಕೆ ಸೈಕಲ್‌ಗಳು ರಸ್ತೆಗೆ ವಾಪಸು ಬಂದವು. ನನ್ನ ಡಿಗ್ರಿ ಬಿಟ್ಟರೆ ನನಗೆ ಹೆಮ್ಮೆ ಇರುವುದು ಇದೊಂದರ ಮೇಲೆ.

ಈ ತರಗತಿಗೆ ದುಡ್ಡು ಕೊಟ್ಟು ಬೆನ್ನಿಗೆ ನಿಂತಿದ್ದು ಐರ್ಲೆಂಡಿನ ಒಂದು ಗಂಡಸರ ಸಂಘ. ಗಂಡಸರು ಬದಲಾಗಬೇಕು ಅಂತ ಕೆಲಸ ಮಾಡುವ ಮಂದಿ. ತಮ್ಮ ವರ್ಷದ ಕೂಟಕ್ಕೆ ಬಾ ಅಂತ ಕರೆದರು. ಯಾವ ಊರಿನ ತರಗತಿ ಮುಂದುವರಿಯಬೇಕು, ಯಾವುದನ್ನು ನಿಲ್ಲಿಸಬೇಕು ಅನ್ನುವುದು ಅಲ್ಲೇ ತೀರ್ಮಾನ. ಜೊತೆಗೆ ಒಂದು ಅರ್ಜಿ ಕಳಿಸಿದರು. ಅದರಲ್ಲಿ ಒಂದು ಪ್ರಶ್ನೆ: ಮನೆಗೆಲಸದಲ್ಲಿ ನೀವು ಎಷ್ಟು ಮಾಡುತ್ತೀರಿ? ಏನೂ ಇಲ್ಲ, ಕಾಲು ಭಾಗ, ಅರ್ಧ, ಅರ್ಧಕ್ಕಿಂತ ಹೆಚ್ಚು.

ನಾನು 'ಅರ್ಧ'ಕ್ಕೆ ಟಿಕ್ ಹಾಕಿದೆ. 'ಹೆಚ್ಚು' ಅನ್ನುವುದಕ್ಕೂ ಪೆನ್ನು ಹೋಗಿತ್ತು, ಅತಿಯಾಯಿತು ಅಂತ ಹಿಂದೆ ತಂದೆ.

ಖರೇ ಹೇಳಬೇಕೆಂದರೆ ನಾನು ಮಾಡುತ್ತಿದ್ದುದು ಒಂದೇ ಕೆಲಸ. ಎರಡು ದಿನಕ್ಕೊಮ್ಮೆ ಮೋಟರ್ ಸೈಕಲ್ ಮೇಲೆ ಕುಡಿಯುವ ನೀರಿನ ಕ್ಯಾನು ತರುತ್ತಿದ್ದೆ. ಅದನ್ನೂ ಬಾಗಿಲತನಕ.

ಹೈದರಾಬಾದ್

ನಮ್ಮ ಮನೆಯಾಕೆ ನಲವತ್ತು ಖಡಕ್ ರೊಟ್ಟಿಯನ್ನು ಹಳೇ ಪಂಚೆಯಲ್ಲಿ ಗಂಟು ಕಟ್ಟಿ ಕೊಟ್ಟಿದ್ದಳು. ವಿಮಾನ ನಿಲ್ದಾಣದ ಯಂತ್ರದಲ್ಲಿ ಅವು ಒಂದರ ಮೇಲೊಂದು ಪೇರಿಸಿದ ದುಂಡನೆಯ ತಗಡಿನಂತೆ ಕಂಡವಂತೆ. ಕಾವಲಿನ ಜವಾನ ಗಂಟು ಬಿಚ್ಚಿಸಿದ. ಒಂದು ರೊಟ್ಟಿ ಎತ್ತಿ ಬಡಿದು ನೋಡಿದ. ಟಣ್ ಅಂದಿತು.

"ಕ್ಯಾ ಹೈ ಯೇ?"

"ಜೋಳದ ರೊಟ್ಟಿ ಸಾಬ್. ತಿನ್ನೂದು."

ಅವನು ನಂಬಲಿಲ್ಲ. ನಾನು ಅವನ ಎದುರಿಗೇ ಅರ್ಧ ರೊಟ್ಟಿ ಕಟಕಟ ಕಡಿದು ತಿಂದೆ. ಹಿಂದೆ ನಿಂತಿದ್ದ ಸಾಲೆಲ್ಲ ನಾನು ತಿಂದು ಮುಗಿಸುವತನಕ ಕಾಯಿತು. ಪರದೇಶಕ್ಕೆ ಹೀಗೆ ಬಾಯಿ ತುಂಬಿಕೊಂಡು ಹೊರಟೆ.

ಡಬ್ಲಿನ್‌ನಿಂದ ಪಡುವಣಕ್ಕೆ, ಬಸ್ಸಿನಲ್ಲಿ

ಅಲ್ಲಿಯ ಮಂದಿ ಬಸ್ಸಿನಿಂದ ಇಳಿಯುವಾಗ ಒಬ್ಬೊಬ್ಬರೂ ಡ್ರೈವರನಿಗೆ ಥ್ಯಾಂಕ್ಸ್ ಹೇಳಿ ಇಳಿಯುತ್ತಾರೆ. ಮುದುಕಿಯೂ ಹೇಳುತ್ತಾಳೆ, ಕಿವಿಗೆ ವೈರು ಸಿಗಿಸಿಕೊಂಡ ಹುಡುಗನೂ ಹೇಳುತ್ತಾನೆ. ನಮ್ಮ ಶಹಾಪುರ ಬಸ್ಸಿನಲ್ಲಿ ಯಾರಾದರೂ ಹೀಗಂದರೆ ಡ್ರೈವರ ಗಾಬರಿಯಾಗಿ ಬಸ್ಸಿನಡಿ ಏನಾದರೂ ಸಿಕ್ಕಿದೆಯೇನೋ ಅಂತ ಇಳಿದು ನೋಡಿಯಾನು. ನಾನೂ ನನ್ನ ಸ್ಟಾಪಿನಲ್ಲಿ ಹೇಳಿದೆ. ಒಂದು ಸಲ ಹೇಳಿದ್ದು ಅವನಿಗೆ ಕೇಳಲಿಲ್ಲ ಅನ್ನಿಸಿ ಮೂರು ಸಲ ಹೇಳಿದೆ. ಆ ಗಡಿಬಿಡಿಯಲ್ಲಿ ರೊಟ್ಟಿಯ ಗಂಟು ಬಸ್ಸಿನಲ್ಲೇ ಉಳಿಯಿತು. ಉಪಚಾರದ ಮಾತು ನನಗೆ ಮೂವತ್ತೊಂಬತ್ತೂವರೆ ರೊಟ್ಟಿಗೆ ಬಿತ್ತು.

ಮೊದಲ ದಿನ, ಶೆಡ್ಡು

ಕೂಟ ನಡೆದದ್ದು ಒಂದು ಸಣ್ಣ ಊರಿನ ತಗಡಿನ ಶೆಡ್ಡಿನಲ್ಲಿ. ಆ ದೇಶದಲ್ಲಿ ಇಂಥ ಶೆಡ್ಡುಗಳು ಬಹಳ. ಕೆಲಸದಿಂದ ನಿವೃತ್ತರಾದವರು, ಹೆಂಡತಿ ತೀರಿಕೊಂಡವರು, ಮದುವೆಯನ್ನೇ ಆಗದವರು ಬಂದು ಮುರಿದ ಕುರ್ಚಿ, ಕೆಟ್ಟ ರೇಡಿಯೋ ರಿಪೇರಿ ಮಾಡುತ್ತ ಕೂಡುತ್ತಾರೆ. ಮನೆಯಲ್ಲಿ ಒಬ್ಬನೇ ಕುಂತು ಗಂಡಸು ಮಂಕಾಗಬಾರದು ಅನ್ನುವುದು ಉದ್ದೇಶ. ಒಳಗೆ ಹೋದ ಕೂಡಲೇ ನನಗೆ ಸುರಪುರದ ಪಂಕ್ಚರ್ ಅಂಗಡಿ ನೆನಪಾಯಿತು. ಅಲ್ಲೂ ಹೀಗೇ. ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕಷ್ಟ ಹೇಳಿಕೊಳ್ಳುವುದಿಲ್ಲ. ನಡುವೆ ಒಂದು ಟ್ಯೂಬು ಬೇಕು.

ಕೂಟದ ಮುಂದಾಳು ಡೆಕ್ಲನ್. ಗಡ್ಡ ಬಿಟ್ಟ ಮೆತ್ತನೆಯ ಮನುಷ್ಯ, ಮಾತು ಮಾತಿಗೆ ಎದೆಯ ಮೇಲೆ ಕೈ ಇಟ್ಟುಕೊಳ್ಳುತ್ತಿದ್ದ. ಬಾಗಿಲಲ್ಲೇ ನನ್ನ ಕೈಗೆ ಒಂದು ಕರಪತ್ರ ಕೊಟ್ಟ. ಅದರಲ್ಲಿ ನನ್ನ ಫೋಟೋ, ಕೆಳಗೆ: 'ಮನೆಯ ಅರ್ಧ ಕೆಲಸ ಮಾಡುವ ಭಾರತದ ಶಿಕ್ಷಕ.'

"ನಮ್ಮ ಕಡೆಯ ಗಂಡಸರಿಗೇ ಇಷ್ಟಾಗಿಲ್ಲ" ಅಂದ ಡೆಕ್ಲನ್.

ನಾನು ತಲೆ ತಗ್ಗಿಸಿದೆ. ಅವನು ಅದನ್ನು ವಿನಯ ಅಂದುಕೊಂಡ.

ಶೆಡ್ಡಿನಲ್ಲಿ ಚಹಾ ಮಾಡುವುದು ಪಾಳಿಯ ಮೇಲೆ. ಗೋಡೆಗೆ ಪಟ್ಟಿ ಇತ್ತು. ಅರ್ಧ ಕೆಲಸದವನು ಅಂತ ಗೌರವಕ್ಕೆ ಮೊದಲ ಪಾಳಿ ನನಗೇ ಕೊಟ್ಟರು. ಹದಿನೆಂಟು ಮಂದಿ. ಚಹಾ ಆಗುವುದನ್ನು ನಾನು ಪೇಪರಿನ ಮರೆಯಿಂದ ಬಹಳ ವರ್ಷ ನೋಡಿದ್ದೇನೆ. ಹಾಲು, ನೀರು, ಸಕ್ಕರೆ, ಪುಡಿ ಎಲ್ಲ ಒಂದೇ ಪಾತ್ರೆಯಲ್ಲಿ ಹಾಕುವುದು, ಉಕ್ಕಿ ಬರುವತನಕ ಕುದಿಸುವುದು. ಅಲ್ಲಿ ಇದ್ದದ್ದು ಕರೆಂಟಿನ ಕೆಟಲು. ಪುಡಿಯನ್ನು ಸಣ್ಣ ಸಣ್ಣ ಕಾಗದದ ಚೀಲದಲ್ಲಿ ಇಟ್ಟಿದ್ದರು. ನಾನು ಕುಂತು ಇಪ್ಪತ್ತು ಚೀಲ ಹರಿದೆ. ಹಾಲು ಸಕ್ಕರೆ ಸಮೇತ ಎಲ್ಲವನ್ನೂ ಕೆಟಲಿಗೆ ಸುರಿದು ಗುಂಡಿ ಒತ್ತಿದೆ.

ಉಕ್ಕಿ ಬಂತು. ನಮ್ಮಲ್ಲಾದರೆ ಒಲೆಯಿಂದ ಪಾತ್ರೆ ಎತ್ತುತ್ತಾರೆ, ಆ ಮಟ್ಟಿಗೆ ನನಗೆ ಗೊತ್ತಿತ್ತು. ಆದರೆ ಕೆಟಲಿನ ಕಿವಿ ಹಿಡಿಯುವಷ್ಟರಲ್ಲಿ ಹಾಲು ಬುಸುಗುಟ್ಟುತ್ತ ಮೇಜಿನ ಮೇಲಿಂದ ಇಳಿದು ಸ್ವಿಚ್ಚಿನ ಡಬ್ಬಿಗೆ ಹೋಯಿತು. ಟಪ್ ಅಂತ ಇಡೀ ಶೆಡ್ಡಿನ ಕರೆಂಟು ಹೋಯಿತು.

ಬೈಯುತ್ತಾರೆ ಅಂತ ನಿಂತೆ. ಹದಿನೆಂಟೂ ಮಂದಿ ಸ್ಕ್ರೂಡ್ರೈವರ್ ಹಿಡಿದು ಓಡಿ ಬಂದರು. ಅವರ ಮುಖದ ಮೇಲೆ ಅಷ್ಟು ಖುಷಿಯನ್ನು ಆಮೇಲೆ ನಾನು ನೋಡಲಿಲ್ಲ. ಕೆಟಲು ಬಿಚ್ಚುತ್ತ ಒಬ್ಬ ತನ್ನ ಮೊಣಕಾಲಿನ ಆಪರೇಷನ್ ಹೇಳಿದ, ಇನ್ನೊಬ್ಬ ಅಣ್ಣನ ಜೊತೆ ಮಾತು ಬಿಟ್ಟು ಎಷ್ಟು ವರ್ಷವಾಯಿತು ಅಂತ ಹೇಳಿದ. ಸಂಜೆವರೆಗೆ ರಿಪೇರಿ ನಡೆಯಿತು. ಚಹಾ ಮಾತ್ರ ಯಾರಿಗೂ ಸಿಗಲಿಲ್ಲ.

ಒಬ್ಬ ಮುದುಕ ಮಾತ್ರ ಕೆಟಲು ನೋಡದೆ ನನ್ನ ಕೈ ನೋಡುತ್ತಿದ್ದ. ಅವನ ಹೆಸರು ಶಾನ್. ಕುರಿ ಸಾಕುವ ರೈತ, ಮದುವೆಯಾಗಿಲ್ಲ.

"ನಿನ್ನ ಅರ್ಧದಲ್ಲಿ ಚಹಾ ಬರುವುದಿಲ್ಲವೇ?" ಅಂದ.

"ಚಹಾ ಆಕೆಯ ಅರ್ಧದಲ್ಲಿ ಬರುತ್ತದೆ" ಅಂದೆ.

"ಹಾಂ. ನನ್ನ ಮನೆಯಲ್ಲಿ ಎರಡೂ ಅರ್ಧ ನನ್ನವೇ" ಅಂದು ಟೋಪಿ ಸರಿಮಾಡಿಕೊಂಡು ಹೋದ. ಆ ಮುದುಕನನ್ನು ಕಂಡರೆ ನನಗೆ ಅವತ್ತಿನಿಂದ ದಿಗಿಲು.

ಎರಡನೆಯ ದಿನ, ಕೋಲು

ಎರಡನೆಯ ದಿನ ಎಲ್ಲರೂ ದುಂಡಗೆ ಕುಂತರು. ಡೆಕ್ಲನ್ ಒಂದು ಕೋಲು ತಂದ. ಅದು ಯಾರ ಕೈಯಲ್ಲಿರುತ್ತದೋ ಅವನೇ ಮಾತಾಡಬೇಕು, ಉಳಿದವರು ಕೇಳಬೇಕು. ನಮ್ಮ ಕಡೆ ಪಂಚಾಯ್ತಿ ಕಟ್ಟೆಯ ಮೇಲೆ ಕೋಲು ಎಲ್ಲರ ಕೈಯಲ್ಲೂ ಇರುತ್ತದೆ, ಕೇಳುವವರೇ ಇರುವುದಿಲ್ಲ.

ಕೆವಿನ್ ಅನ್ನುವವನ ಕೈಗೆ ಕೋಲು ಹೋಯಿತು. ಅವನ ಹೆಂಡತಿ ಬಿಟ್ಟು ಹೋಗಿದ್ದಳು, ಮಗಳು ಎರಡು ವಾರಕ್ಕೊಮ್ಮೆ ಸಿಗುತ್ತಿದ್ದಳು. ಆ ಮಗಳ ಮಾತು ಹೇಳುವಾಗ ನನ್ನ ಕಣ್ಣಲ್ಲೂ ನೀರು ಬಂತು. ಆದರೆ ಅವನು ಅಲ್ಲಿಗೆ ನಿಲ್ಲಿಸಲಿಲ್ಲ. ಈಗ ಕಾಯ್ದೆ ಕೋರ್ಟು ಎಲ್ಲ ಹೆಂಗಸರ ಕಡೆಗೇ, ಗಂಡಸಿಗೆ ಬೆಲೆಯಿಲ್ಲ, ನಾವು ಒಗ್ಗಟ್ಟಾಗಿ ತಿರುಗಿ ನಿಲ್ಲಬೇಕು ಅಂದ. ಡೆಕ್ಲನ್ ಎದೆ ಮೇಲೆ ಕೈ ಇಟ್ಟುಕೊಂಡು, ತಿರುಗಿ ನಿಲ್ಲುವುದು ಬೇಡ, ಗಂಡಸು ಮೊದಲು ಅಳುವುದು ಕಲಿಯಬೇಕು ಅಂದ. ಶಾನ್, "ನೀವಿಬ್ಬರೂ ಮುಗಿಸಿದರೆ ನನ್ನ ಕುರಿ ಕಾಯುತ್ತಿವೆ" ಅಂದ.

ಕೆವಿನ್‌ನ ಭಾಷಣ ನನಗೆ ಹೊಸದಲ್ಲ. ಯಾದಗಿರಿ ಸ್ಟೇಶನ್ ಎದುರಿನ ಹೋಟೆಲಿನಲ್ಲಿ ದಿನಾ ಕೇಳುತ್ತೇನೆ: "ಈಗೆಲ್ಲಾ ಹೆಣ್ಮಕ್ಕಳದೇ ರಾಜ್ಯ ನೋಡ್ರಿ." ಹಾಗನ್ನುವವನ ಬಗಲಲ್ಲಿ ಒಬ್ಬ ಹೆಂಗಸು ಬೆಳಿಗ್ಗೆ ಐದಕ್ಕೆದ್ದು ಕಟ್ಟಿಕೊಟ್ಟ ಬುತ್ತಿ ಇರುತ್ತದೆ. ಇದನ್ನು ಕೆವಿನ್‌ಗೆ ಹೇಳಬೇಕು ಅಂತ ಬಾಯಿ ತೆರೆದೆ. ನನ್ನ ಬುತ್ತಿಯೂ ನೆನಪಾಗಿ ಮುಚ್ಚಿದೆ.

ಅಷ್ಟರಲ್ಲಿ ಕೋಲು ನನ್ನ ಕೈಗೆ ಬಂತು. ಡೆಕ್ಲನ್ ಮೆತ್ತಗೆ ಕೇಳಿದ: "ನಿನ್ನ ಹೆಂಡತಿಯ ಹೆಸರು ಹೇಳಿ, ಆಕೆಯ ಬಗ್ಗೆ ಒಂದು ಮಾತು ಹೇಳು."

ಇಲ್ಲಿ ನಮ್ಮ ಕಡೆಯ ಓದುಗರಿಗೆ ವಿವರಿಸಬೇಕಾಗಿಲ್ಲ, ಬೇರೆ ಕಡೆಯವರಿಗಾಗಿ ಹೇಳುತ್ತೇನೆ. ನಮ್ಮಲ್ಲಿ ಗಂಡ ಹೆಂಡತಿಯ ಹೆಸರನ್ನು ನಾಲ್ಕು ಮಂದಿಯ ಎದುರು ಸುಮ್ಮನೆ ಹೇಳುವುದಿಲ್ಲ. 'ನಮ್ಮ ಮನೆಯಾಕೆ' ಅನ್ನುತ್ತೇವೆ, 'ಏ ಇಕಿನ' ಅನ್ನುತ್ತೇವೆ. ಮದುವೆಯ ದಿನ ಮಾತ್ರ ಅತ್ತಿಗೆ ನಾದಿನಿಯರು ಬಾಗಿಲಿಗೆ ಅಡ್ಡ ನಿಂತು ಹೇಳಿಸುತ್ತಾರೆ. ಆಗಲೂ ಹೆಸರನ್ನು ಒಡಪು ಕಟ್ಟಿ, ಅಂದರೆ ಎರಡು ಸಾಲಿನ ಪ್ರಾಸದಲ್ಲಿ ಸುತ್ತಿ ಹೇಳಬೇಕು. ನಾನು ಅವತ್ತು ಒಮ್ಮೆ ಹೇಳಿದ್ದು. ಆಮೇಲೆ ಹೇಳಿಲ್ಲ.

ಗಂಟಲಲ್ಲಿ ಹೆಸರು ಬಂದು ನಿಂತಿತು. ಹೊರಗೆ ಬರಲಿಲ್ಲ. ಒಂದು ನಿಮಿಷವಾಯಿತು. ಎರಡು ನಿಮಿಷವಾಯಿತು. ಡೆಕ್ಲನ್ ಎದ್ದು ಬಂದು ಭುಜದ ಮೇಲೆ ಕೈ ಇಟ್ಟ. ಕೆವಿನ್ ಮೂಗು ಒರೆಸಿಕೊಂಡ. ಯಾರೋ ಕಿಟಕಿಯ ಪರದೆ ಎಳೆದರು.

ಕೊನೆಗೆ ಬೇರೆ ದಾರಿ ಕಾಣದೆ ಕಣ್ಣು ಮುಚ್ಚಿ ಅದೇ ಒಡಪು ಹೇಳಿಬಿಟ್ಟೆ:

"ಕಾಲುವಿ ನೀರು ಬಂತಂದ್ರ ಗದ್ದಿ ಎಲ್ಲಾ ಹಸರ,
ಕೇಳ್ರಿ ಕುಂತ ಮಂದಿ, ಮಹಾದೇವಿ ನನ್ನ ಹೆಣ್ತಿ ಹೆಸರ!"

ಎಲ್ಲರೂ ತಲೆ ತಗ್ಗಿಸಿದರು. ಒಬ್ಬ ಎದ್ದು ನಿಂತು ಟೋಪಿ ತೆಗೆದ.

"ಪ್ರಾರ್ಥನೆ ಬಹಳ ಚೆನ್ನಾಗಿತ್ತು" ಅಂದ ಡೆಕ್ಲನ್, ಗದ್ಗದಿತನಾಗಿ. "ಆಕೆ ತೀರಿಕೊಂಡು ಎಷ್ಟು ದಿನವಾಯಿತು?"

"ತೀರಿಕೊಂಡಿಲ್ಲ!" ನಾನು ಕೋಲು ಕೆಳಗೆ ಹಾಕಿದೆ. "ಗಟ್ಟಿಮುಟ್ಟಾಗಿ ಸುರಪುರದಲ್ಲಿದ್ದಾಳೆ!"

ಡೆಕ್ಲನ್‌ನ ಮುಖ ಸೂರ್ಯನಂತೆ ಅರಳಿತು. "ಹಾಗಾದರೆ ಬಹಳ ಒಳ್ಳೆಯದಾಯಿತು! ನಾಳೆ ಎಲ್ಲರೂ ಕೂಡಿ ಆಕೆಗೆ ವಿಡಿಯೋ ಕರೆ ಮಾಡೋಣ. ಅರ್ಧ ಕೆಲಸದ ಕಥೆಯನ್ನು ಆಕೆಯ ಬಾಯಿಂದಲೇ ಕೇಳಿ ತರಗತಿಯ ತೀರ್ಮಾನ ಮಾಡೋಣ."

ಬದುಕಿದ್ದಾಳೆ ಅಂತ ಹೇಳಿದ್ದಕ್ಕೆ ನಾನು ಪಶ್ಚಾತ್ತಾಪಪಟ್ಟದ್ದು ಆ ಒಂದು ಕ್ಷಣ ಮಾತ್ರ. ಆಕೆಗೆ ಇದನ್ನು ಹೇಳಬೇಡಿ.

ಮೂರನೆಯ ದಿನ, ಮಧ್ಯಾಹ್ನ ಎರಡು

ಬೆಳಿಗ್ಗೆ ಫೋನು ಮಾಡಿದೆ. ವಿಷಯ ಹೇಳಬೇಕು ಅಂತಲೇ ಮಾಡಿದ್ದು. ಬಾಯಿಗೆ ಬಂದದ್ದು ಬೇರೆ.

"ಸಂಜಿ ಆರೂವರಿಗೆ ವಿಡಿಯೋ ಮಾಡ್ತೀನಿ. ಇಲ್ಲಿ ಮಂದಿ ನಿನ್ನ ನೋಡ್ತಾರಂತ. ಛಲೋ ಸೀರಿ ಉಟ್ಕೊಂಡು ಕೂಡು."

"ಆರೂವರಿಗೆ ರೊಟ್ಟಿ ಬಡಿಯೂ ಹೊತ್ತು" ಅಂದಳು ಮಹಾದೇವಿ. "ಛಲೋ ಸೀರಿ ಉಟ್ಟು ಹಿಟ್ಟು ನಾದ್ಲೇನು? ರೊಟ್ಟಿ ಮುಟ್ಟಿದ್ವಲ್ಲ?"

"ಮುಟ್ಟಿದ್ವು" ಅಂದೆ. ಸುಳ್ಳಿನ ಲೆಕ್ಕಕ್ಕೆ ಇನ್ನೊಂದು.

ಶೆಡ್ಡಿನ ದೊಡ್ಡ ಟಿವಿಯಲ್ಲಿ ಮೊದಲು ಕಂಡದ್ದು ನಮ್ಮ ಅಡುಗೆಮನೆಯ ಮಾಡು. ಆಮೇಲೆ ಹಿಟ್ಟಿನ ಕೈ. ಆಮೇಲೆ ಆಕೆ ಫೋನನ್ನು ಡಬ್ಬಿಗೆ ಆನಿಸಿದಳು. ಪಟಪಟ ಪಟಪಟ ರೊಟ್ಟಿ ತಿರುಗಿತು. ಅಂಗೈ ಕೆಳಗೆ ಮುದ್ದೆ ಹಿಟ್ಟು ಚಂದ್ರನಂತೆ ಹರಡುತ್ತ ಹೋಯಿತು. ಹದಿನೆಂಟು ಮಂದಿ ಉಸಿರು ಬಿಡದೆ ನೋಡಿದರು. ಕೆಲವರ ಕಾಲು ಆ ತಾಳಕ್ಕೆ ಕುಣಿಯುತ್ತಿತ್ತು.

ಆಕೆಗೆ ಇಂಗ್ಲಿಷು ಬಾರದು, ಅವರಿಗೆ ಕನ್ನಡ ಬಾರದು. ದುಭಾಷಿ ನಾನು.

"ಮಹಾದೇವಿ," ಅಂದ ಡೆಕ್ಲನ್, "ನಿಮ್ಮ ಗಂಡ ಅರ್ಧ ಕೆಲಸ ಮಾಡುವುದರಿಂದ ನಿಮ್ಮ ಬದುಕು ಹೇಗೆ ಬದಲಾಗಿದೆ?"

ನಾನು ಆಕೆಗೆ ಹೇಳಿದೆ: "ಆರಾಮ ಅದೀಯೇನಂತ ಕೇಳಾಕತ್ತಾರ."

"ಹೂಂ, ಆರಾಮ ಅದೀನಂತ ಹೇಳ್ರಿ."

"ಬಹಳ ಬದಲಾಗಿದೆ ಅನ್ನುತ್ತಾಳೆ" ಅಂದೆ. ಎಲ್ಲರೂ ಒಬ್ಬರಿಗೊಬ್ಬರು ತಲೆದೂಗಿದರು.

"ಯಾವ ಯಾವ ಕೆಲಸ ಮಾಡುತ್ತಾರೆ?"

ಇದನ್ನು ತಿರುಗಿಸುವುದು ಹೇಗೆ? "ದಿನಾ ಏನೇನ್ ಕೆಲಸ ಮಾಡ್ತೀ ಅಂತ ಕೇಳ್ತಾರ ನೋಡು" ಅಂದೆ.

ಯಾರೂ ಯಾವತ್ತೂ ಕೇಳದ ಪ್ರಶ್ನೆ ಅದು. ಮಹಾದೇವಿ ರೊಟ್ಟಿ ಹಂಚಿಗೆ ಹಾಕಿ ಉತ್ಸಾಹದಿಂದ ಶುರುಮಾಡಿದಳು. "ಐದಕ್ಕ ಏಳ್ತೀನ್ರಿ. ಕಸಾ ಹೊಡೀತೀನಿ, ಅಂಗಳಾ ಸಾರಿಸ್ತೀನಿ, ನಳಾ ಬಂದ್ರ ನೀರು ಹಿಡೀತೀನಿ, ಚಾ ಮಾಡ್ತೀನಿ, ಇವ್ರ ಬುತ್ತಿ ಕಟ್ತೀನಿ, ಇವ್ರ ಅಂಗಿ ಇಸ್ತ್ರಿ ಮಾಡ್ತೀನಿ, ಭಾಂಡೆ ತಿಕ್ತೀನಿ, ಅರಿಬಿ ಒಗೀತೀನಿ, ಅತ್ತೀಗಿ ಗುಳಿಗಿ ಕೊಡ್ತೀನಿ..." ಮುಗಿಯುವ ಲಕ್ಷಣವೇ ಇಲ್ಲ.

ಪಟ್ಟಿ ಎಷ್ಟು ಉದ್ದವಿತ್ತೆಂದರೆ ಅದರ ಅರ್ಧ ಕದ್ದರೂ ನನಗೆ ಸಾಕಾಗುತ್ತಿತ್ತು. "ಗಂಡ ಕಸ ಹೊಡೆಯುತ್ತಾನೆ ಅನ್ನುತ್ತಾಳೆ" ಅಂತ ಇಂಗ್ಲಿಷಿನಲ್ಲಿ ತೆಗೆದೆ. "ನೀರು ಹಿಡಿಯುತ್ತಾನೆ, ಬಟ್ಟೆ..."

ಹಿಂದಿನಿಂದ ಶಾನ್‌ನ ದನಿ ಬಂತು. "ನನಗೆ ನಿಮ್ಮ ಭಾಷೆ ಬಾರದು. ಆದರೆ ಆಕೆ ಪ್ರತಿ ಮಾತಿಗೂ ತನ್ನ ಎದೆಯನ್ನೇ ಮುಟ್ಟಿಕೊಳ್ಳುತ್ತಿದ್ದಾಳಲ್ಲ?"

ಹೌದು. ಆಕೆಯ ಸೆರಗಿನ ಮೇಲೆ ಅಷ್ಟೂ ಕೆಲಸದ ಹಿಟ್ಟಿನ ಗುರುತು ಬಿದ್ದಿತ್ತು.

ಎಲ್ಲರೂ ನನ್ನ ಕಡೆ ತಿರುಗಿದರು. ಮಹಾದೇವಿಯೂ ನೋಡಿದಳು. "ಯಾಕ್ರೀ, ಮಾರಿ ಹಿಂಗ್ಯಾಕಾಗ್ಯಾದ? ನೀವೇನ್ ಹೇಳೀರಿ ಅವ್ರಿಗೆ?"

"ಅರ್ಜಿ ಒಳಗ ಬರ್ದಿದ್ದೆ."

"ಏನಂತ?"

"ಮನ್ಯಾಗ ಅರ್ಧ ಕೆಲಸ ಮಾಡ್ತೀನಂತ."

ರೊಟ್ಟಿಯ ಸದ್ದು ನಿಂತಿತು. "ಅರ್ಧ?" ಅಂದಳು. ಸ್ವಲ್ಪ ಹೊತ್ತು ನಿಜಕ್ಕೂ ಯೋಚಿಸಿದಳು. "ಯಾವ ಅರ್ಧ?"

"ಮಹಾದೇವಿ, ನನ್ನ ಇಜ್ಜತ್ತಿನ ಪ್ರಶ್ನಿ. ಶಾಲಿ ತರಗತಿ ಬಂದ್ ಆಗ್ತದ. ಆ ಹುಡುಗಿಯರ ಸೈಕಲ್ ಮತ್ತ ನಿಲ್ತಾವ. ಒಂದ್ಸಲ ಹೂಂ ಅನ್ನು ಸಾಕು."

ಡೆಕ್ಲನ್ ಕೇಳಿದ: "ಏನಂತಾಳೆ?"

"ಯೋಚಿಸುತ್ತಿದ್ದಾಳೆ" ಅಂದೆ. ಈ ಒಂದು ಅನುವಾದ ಖರೇ ಇತ್ತು.

ಹಂಚಿನ ಮೇಲೆ ರೊಟ್ಟಿ ಹೊತ್ತುತ್ತಿತ್ತು. ಆಕೆ ಅದನ್ನು ಬರಿಗೈಯಲ್ಲಿ ತಿರುವಿದಳು. "ನಾ ಯಾಕ ಹೂಂ ಅನ್ಲಿ? ಅವ್ರಿಗೆ ನನ್ನ ಮಾತು ತಿಳೀದಿಲ್ಲ, ನನಗ ಅವ್ರ ಮಾತು ತಿಳೀದಿಲ್ಲ. ನಡುವ ಓದಿದವ್ರು ನೀವೊಬ್ರ ಅದೀರಿ. ನೀವ ಏನರ ಹೇಳ್ಕೋರಿ." ಸಿಟ್ಟಿಲ್ಲ, ಕೊಂಕಿಲ್ಲ. ಹಾಗೆ ಹೇಳಿ ಆ ಹದಿನೆಂಟು ಮಂದಿಗೆ ಒಂದು ನಗು ನಕ್ಕು ಮತ್ತೆ ಹಿಟ್ಟು ತಗೊಂಡಳು.

ನನ್ನ ಡಿಗ್ರಿಯನ್ನು ನಾನು ಬಹಳ ಕಡೆ ತೋರಿಸಿದ್ದೇನೆ. ಅಷ್ಟು ಭಾರವಾಗಿ ಅದು ನನ್ನ ಮೇಲೆ ಕುಂತದ್ದು ಅವತ್ತೇ.

"ಅರ್ಧ ಅಲ್ಲ" ಅಂದೆ ಇಂಗ್ಲಿಷಿನಲ್ಲಿ. "ಕಾಲೂ ಅಲ್ಲ. ನಾನು ನೀರಿನ ಕ್ಯಾನು ತರುತ್ತೇನೆ. ಈಗ ಆಕೆ ಹೇಳಿದ್ದೆಲ್ಲ ಆಕೆಯ ಕೆಲಸ. ನಾನು ಅದನ್ನು ನನ್ನದು ಅಂತ ನಿಮಗೆ ಹೇಳುತ್ತಿದ್ದೆ. ನನ್ನ ಹುಡುಗರು ಬದಲಾಗಿದ್ದಾರೆ, ನಾನು ಆಗಿಲ್ಲ. ತರಗತಿಯನ್ನು ನಿಲ್ಲಿಸಬೇಡಿ. ನನ್ನನ್ನು ಬೇಕಾದರೆ ನಿಲ್ಲಿಸಿ."

ಡೆಕ್ಲನ್ ಎದ್ದು ನಿಂತು ಚಪ್ಪಾಳೆ ಶುರುಮಾಡಿದ. ಕೆವಿನ್ ಎದ್ದ. ಎಲ್ಲರೂ ಎದ್ದರು. ತಗಡಿನ ಶೆಡ್ಡು ಗುಡುಗಿತು. ಇಂಥ ಧೈರ್ಯದ ಗಂಡಸನ್ನು ತಾನು ಕಂಡಿಲ್ಲ ಅಂದ ಡೆಕ್ಲನ್, ಕಣ್ಣೀರು ಒರೆಸುತ್ತ.

"ಯಾಕ್ರೀ ಚಪ್ಪಾಳಿ ಹೊಡ್ಯಾಕತ್ತಾರ?" ಕೇಳಿದಳು ಮಹಾದೇವಿ.

"ನಾ ಮನ್ಯಾಗ ಏನೂ ಮಾಡಂಗಿಲ್ಲಂತ ಖರೇ ಹೇಳ್ದೆ. ಅದಕ್ಕ."

ಆಕೆ ಸೊಂಟದ ಮೇಲೆ ಕೈ ಇಟ್ಟಳು. "ಏನೂ ಮಾಡದವ್ರಿಗೆ ಚಪ್ಪಾಳಿ ಹೊಡೀತಾರೇನು ಆ ದೇಶದಾಗ? ಕುಂತಾಗಿಂದ ಹದಿನಾಲ್ಕು ರೊಟ್ಟಿ ಬಡದೀನಿ. ನನಗೊಬ್ರೂ ಹೊಡೀಲಿಲ್ಲ."

"ಏನಂದಳು?" ಕೇಳಿದ ಡೆಕ್ಲನ್.

ಅಕ್ಷರ ಬಿಡದೆ ಹೇಳಿದೆ. ಚಪ್ಪಾಳೆ ನಡುವೆಯೇ ಕತ್ತರಿಸಿದಂತೆ ನಿಂತಿತು. ಒಬ್ಬ ಈಗ ಆಕೆಗೆ ಹೊಡೆಯಬೇಕೋ ಬಾರದೋ ತಿಳಿಯದೆ ಎರಡೂ ಕೈ ಗಾಳಿಯಲ್ಲೇ ಹಿಡಿದು ನಿಂತಿದ್ದ. ಶಾನ್ ಒಬ್ಬನೇ ನಕ್ಕದ್ದು. ನಗುತ್ತ ಹೋಗಿ ಗೋಡೆಯ ಪಟ್ಟಿಯಲ್ಲಿ ನಾಳೆಯ ಚಹಾಕ್ಕೆ ನನ್ನ ಹೆಸರು ಮತ್ತೆ ಬರೆದ. "ನಾನು ಪಕ್ಕದಲ್ಲಿ ನಿಂತಿರುತ್ತೇನೆ" ಅಂದ.

ತರಗತಿ ಮುಂದುವರಿಯಿತು. ಕರಪತ್ರದಲ್ಲಿ 'ಅರ್ಧ' ಅನ್ನುವುದನ್ನು ಮಾತ್ರ ಹೊಡೆದು ಹಾಕು ಅಂತ ಇನ್ನೂರು ಪ್ರತಿ ನನ್ನ ಮುಂದಿಟ್ಟರು. ಕುಂತು ಒಂದೊಂದೇ ಹೊಡೆದೆ.

ಮತ್ತೆ ಸುರಪುರ

ಬಂದ ಮೇಲಿನ ಮೊದಲ ಶನಿವಾರ ಹುಡುಗರಿಗೆ ಎಲ್ಲ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕರು. ನಗಲಿ ಅಂತಲೇ ಹೇಳಿದ್ದು.

ಭಾನುವಾರ ಬೆಳಿಗ್ಗೆ ಭಾಂಡೆ ನಾನು ತಿಕ್ಕುತ್ತೇನೆ ಅಂದೆ ಮಹಾದೇವಿಗೆ. "ಆದ್ರ ಒಳಗ ಬಚ್ಚಲದಾಗ ತಿಕ್ತೀನಿ."

"ನಳ ಇರೂದು ಹೊರಗ. ಭಾಂಡೆ ಯಾಕ ಒಳಗ ಬರ್ತಾವ?"

ನಮ್ಮ ನಳ ಇರುವುದು ಬಾಗಿಲ ಮುಂದೆ, ರಸ್ತೆಗೆ ಮುಖ ಮಾಡಿ. ಅಲ್ಲಿಯ ಹದಿನೆಂಟು ಮಂದಿಯ ಎದುರು ಖರೇ ಹೇಳುವುದು ಸುಲಭವಿತ್ತು, ಅವರ ಓಣಿಯಲ್ಲಿ ನಾನು ಬದುಕಬೇಕಾಗಿರಲಿಲ್ಲ. ಕಡೆಗೆ ಲುಂಗಿ ಎತ್ತಿ ಕಟ್ಟಿ ನಳದ ಕೆಳಗೆ ಕುಕ್ಕರುಗಾಲಲ್ಲಿ ಕುಂತೆ. ಮಹಾದೇವಿ ಬಾಗಿಲೊಳಗೆ ಮಣೆ ಹಾಕಿಕೊಂಡಳು. ಆಕೆಗೆ ಸುಮ್ಮನೆ ಕೂತು ರೂಢಿಯಿಲ್ಲ. ಎರಡು ಸಲ ಎದ್ದು ಬಂದು, "ತಳಾ ಬಿಟ್ರಿ, ತಳಾ ತಿಕ್ರಿ" ಅಂದಳು. ಮೂರನೆಯ ಸಲ ತಾನೇ ಬಾಯಿ ಮುಚ್ಚಿಕೊಂಡು ಕುಂತಳು.

ಎದುರು ಮನೆಯ ಭೀಮರಾಯ ಹಾಲು ಹಿಡಿದುಕೊಂಡು ಹೊರಟವನು ನಿಂತ. ನನ್ನನ್ನು ನೋಡಿದ, ಬೋಗುಣಿ ನೋಡಿದ, ಮತ್ತೆ ನನ್ನನ್ನು ನೋಡಿದ.

"ಸರ, ಅಕ್ಕೋರು ಊರಾಗಿಲ್ಲೇನ್ರಿ?"

ಹೂಂ ಅಂದಿದ್ದರೆ ಮುಗಿಯುತ್ತಿತ್ತು. ನಾಲಿಗೆಯ ತುದಿಗೆ ಬಂದಿತ್ತು.

"ಅದಾಳಪ್ಪ. ಒಳಗ ಅದಾಳ."

"ಏನ್ ಮಾಡಾಕತ್ತಾರ್ರಿ?"

"ಕುಂತಾಳ."

"ಕುಂತು?"

"ಕುಂತು ಏನಿಲ್ಲ. ಸುಮ್ನ ಕುಂತಾಳ."

ಭೀಮರಾಯ ಹಾಲಿನ ಚೊಂಬನ್ನು ಮೆಲ್ಲಗೆ ಕೆಳಗಿಟ್ಟ. ಬಾಗಿಲ ಕಡೆ ಒಮ್ಮೆ ಇಣುಕಿ ನೋಡಿದ. ಆಮೇಲೆ ನನ್ನ ಪಕ್ಕ ಬಗ್ಗಿ, ದನಿ ತಗ್ಗಿಸಿ ಕೇಳಿದ:

"ಎಷ್ಟ್ ದಿನ ಆತ್ರಿ ಸರ ಹಿಂಗಾಗಿ? ದವಾಖಾನಿಗೆ ತೋರಿಸೀರೇನ್ರಿ?"